ಜಾರ್ಜ್ ಸೈಮನ್ ಓಮ್

ಜಾರ್ಜ್ ಸೈಮನ್ ಓಮ್ (16 ಮಾರ್ಚ್ 1789 – 6 ಜುಲೈ 1854) ಜರ್ಮನಿಯ ಭೌತವಿಜ್ಞಾನಿ ಹಾಗೂ ಗಣಿತಜ್ಞ. ವಾಹಕದಲ್ಲಿನ ವಿದ್ಯುತ್ ಪ್ರವಾಹ, ಅದರ ತುದಿಗಳ ನಡುವಣ ವಿಭವಾಂತರ ಮತ್ತು ರೋಧ ಇವುಗಳ ಸಂಬಂಧವನ್ನು ತಿಳಿಸುವ ಓಮ್‌ನ ನಿಯಮವನ್ನು ರೂಪಿಸಿದವನು. ರೋಧದ ಅಂತರರಾಷ್ಟ್ರೀಯ ಮಾನಕ್ಕೆ ಈತನ ಹೆಸರನ್ನೇ ಇಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ಓಮ್ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದ. ತಂದೆ ಯೋಹಾನ್ ವೋಲ್ಫ್‌ಗಾಂಗ್ ಓಮ್ ಬೀಗ ತಯಾರಿಸುವ ಕುಶಲಕರ್ಮಿ. ತಾಯಿ ಮರಿಯಾ ಎಲಿಜಬೆತ್ ಬೆಕ್ ದರ್ಜಿಯ ಮಗಳು. ಏಳು ಮಕ್ಕಳಲ್ಲಿ ಬದುಕುಳಿದವರು ಮೂವರು. ಓಮ್ ಹತ್ತು ವರ್ಷದವನಾಗಿದ್ದಾಗ ತಾಯಿ ತೀರಿಕೊಂಡಳು. ಸ್ವಂತ ಪರಿಶ್ರಮದಿಂದ ಗಣಿತ ಕಲಿತಿದ್ದ ತಂದೆಯೇ ಮಕ್ಕಳಿಗೆ ಮೊದಲ ಗುರು. ತಮ್ಮ ಮಾರ್ಟಿನ್ ಮುಂದೆ ಗಣಿತಜ್ಞನಾಗಿ ಹೆಸರು ಮಾಡಿದ.

1805ರಲ್ಲಿ ಎರ್ಲಾಂಗೆನ್ ವಿಶ್ವವಿದ್ಯಾಲಯ ಸೇರಿದ ಓಮ್ ನೃತ್ಯ, ಬಿಲಿಯರ್ಡ್ಸ್ ಮತ್ತು ಹಿಮಜಾರಾಟಗಳಲ್ಲಿ ಕಾಲ ಕಳೆಯುತ್ತಿದ್ದುದು ತಂದೆಗೆ ಸರಿಬರಲಿಲ್ಲ. ಹೀಗಾಗಿ ಓದನ್ನು ಅರ್ಧಕ್ಕೆ ಬಿಟ್ಟು 1806ರಲ್ಲಿ ಸ್ವಿಟ್ಜರ್ಲೆಂಡಿನ ಶಾಲೆಯೊಂದಕ್ಕೆ ಗಣಿತದ ಅಧ್ಯಾಪಕನಾಗಿ ಹೋದ. ಅಲ್ಲಿ ಆಯ್ಲರ್, ಲಾಪ್ಲಾಸ್ ಮೊದಲಾದವರ ಕೃತಿಗಳನ್ನು ತಾನೇ ಅಭ್ಯಸಿಸಿದ. 1811ರಲ್ಲಿ ಎರ್ಲಾಂಗೆನ್‌ಗೆ ಮರಳಿ ಡಾಕ್ಟರೇಟ್ ಪದವಿ ಪಡೆದ.

ಸಂಶೋಧನೆ

1817ರಲ್ಲಿ ಓಮ್ ಕಲೋನ್ ನಗರದ ಜೆಸ್ಯುಯಿಟ್ ಶಾಲೆಯಲ್ಲಿ ಅಧ್ಯಾಪಕನಾಗಿ ನೇಮಕಗೊಂಡ. ಅಲ್ಲಿನ ಪ್ರಯೋಗಶಾಲೆ ಆತನ ಸಂಶೋಧನೆಗೆ ನೆರವಾಯಿತು. ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ತಿನ ಪರಿಣಾಮ ಎಷ್ಟು ಕುಗ್ಗುತ್ತದೆ ಎಂಬುದು ಆತನ ಪ್ರಶ್ನೆಯಾಗಿತ್ತು. ಆರಂಭದಲ್ಲಿ ಬಳಸಿದ ವೋಲ್ಟಾ ಕೋಶಗಳ ಬಲ ಸ್ಥಿರವಾಗಿರುತ್ತಿರಲಿಲ್ಲ. ಆದ್ದರಿಂದ 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ಸರಿಯಾಗಿರಲಿಲ್ಲ. ಪೊಗೆಂಡಾರ್ಫ್‌ನ ಸಲಹೆಯಂತೆ ಓಮ್ ತಾಮ್ರ ಮತ್ತು ಬಿಸ್ಮತ್ ಲೋಹಗಳ ಉಷ್ಣಯುಗ್ಮವನ್ನು ಬಳಸಿದ. ಅದರ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇರಿಸಿದಾಗ ಸ್ಥಿರವಾದ ವಿದ್ಯುತ್ ಮೂಲ ದೊರೆಯಿತು. ಒಂದೇ ದಪ್ಪದ, ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ವಿಚಲನೆಯಿಂದ ಪ್ರವಾಹವನ್ನು ಅಳೆದ. 1826ರಲ್ಲಿ ಸರಿಯಾದ ಸಂಬಂಧ ದೊರಕಿತು.

ಅದೇ ವರ್ಷ ಅರ್ಧ ವೇತನದ ರಜೆ ಪಡೆದು ಬರ್ಲಿನ್‌ಗೆ ತೆರಳಿದ ಓಮ್, 1827ರಲ್ಲಿ ವಿದ್ಯುನ್ಮಂಡಲದ ಗಣಿತೀಯ ವಿವೇಚನೆಯನ್ನೊಳಗೊಂಡ ಗ್ರಂಥವನ್ನು ಪ್ರಕಟಿಸಿದ. ಫೂರಿಯೆ ನೀಡಿದ್ದ ಉಷ್ಣವಹನ ಸಿದ್ಧಾಂತ ಇದಕ್ಕೆ ಮಾದರಿಯಾಗಿತ್ತು.

ನಿರಾಕರಣೆ ಮತ್ತು ಮನ್ನಣೆ

ಈ ಗ್ರಂಥದಿಂದ ವಿಶ್ವವಿದ್ಯಾಲಯದ ಹುದ್ದೆ ದೊರೆಯುವುದೆಂದು ಓಮ್ ನಂಬಿದ್ದ. ಆದರೆ ಭೌತಶಾಸ್ತ್ರವನ್ನು ಗಣಿತದ ಮೂಲಕ ನಿರೂಪಿಸುವ ಕ್ರಮವನ್ನು ಅಂದಿನ ಜರ್ಮನ್ ವಿದ್ವಾಂಸರಲ್ಲಿ ಹಲವರು ಒಪ್ಪಲಿಲ್ಲ. ಕಟುವಾದ ವಿಮರ್ಶೆಗಳೂ ಬಂದವು. ನೊಂದ ಓಮ್ 1828ರಲ್ಲಿ ಕಲೋನ್‌ನ ಹುದ್ದೆಗೆ ರಾಜೀನಾಮೆ ನೀಡಿದ. ಬಳಿಕ ಕೆಲವು ವರ್ಷ ಬರ್ಲಿನ್‌ನಲ್ಲಿ ಅಲ್ಪ ವೇತನಕ್ಕೆ ಪಾಠ ಹೇಳಿ ಜೀವನ ಸಾಗಿಸಿದ. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಶಾಲೆಯಲ್ಲಿ ಕೆಲಸ ದೊರೆಯಿತು.

ಈ ನಡುವೆ ಫೆಕ್ನರ್ ಮೊದಲಾದವರ ಪ್ರಯೋಗಗಳು ನಿಯಮವನ್ನು ಸಮರ್ಥಿಸಿದವು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಓಮ್‌ಗೆ ಕಾಪ್ಲಿ ಪದಕ ನೀಡಿ ಗೌರವಿಸಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಯೋಗಿಕ ಭೌತಶಾಸ್ತ್ರ ಪೀಠ ದೊರೆತದ್ದು 1852ರಲ್ಲಿ. ಅದಾದ ಎರಡೇ ವರ್ಷಕ್ಕೆ ಓಮ್ ನಿಧನನಾದ. ಆತ ಅವಿವಾಹಿತನಾಗಿದ್ದ.

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ಇದೇ ಸಂಬಂಧವನ್ನು ಮೊದಲೇ ಕಂಡುಕೊಂಡಿದ್ದರೂ ಪ್ರಕಟಿಸಿರಲಿಲ್ಲ. ಆತನ ಟಿಪ್ಪಣಿಗಳನ್ನು ಮ್ಯಾಕ್ಸ್‌ವೆಲ್ 1879ರಲ್ಲಿ ಬೆಳಕಿಗೆ ತಂದ.

ಓಮ್‌ನ ನಿಯಮ ಮತ್ತು ಡಯೋಡ್

ತಾಪ ಸ್ಥಿರವಾಗಿರುವಾಗ ವಾಹಕದ ವಿಭವಾಂತರವು ಅದರಲ್ಲಿ ಹರಿಯುವ ಪ್ರವಾಹಕ್ಕೆ ನೇರ ಅನುಪಾತದಲ್ಲಿರುತ್ತದೆ: ವಿಭವಾಂತರ = ಪ್ರವಾಹ × ರೋಧ. ಎಲ್ಲ ಸಾಧನಗಳೂ ಇದನ್ನು ಪಾಲಿಸುವುದಿಲ್ಲ. 1874ರಲ್ಲಿ ಫರ್ಡಿನಾಂಡ್ ಬ್ರೌನ್ ಕೆಲವು ಸಲ್ಫೈಡ್ ಹರಳುಗಳು ಒಂದು ದಿಕ್ಕಿನಲ್ಲಿ ಮಾತ್ರ ಸುಲಭವಾಗಿ ವಿದ್ಯುತ್ತನ್ನು ಹರಿಯಬಿಡುವುದನ್ನು ಗುರುತಿಸಿದ. ಗಲೀನಾ ಹರಳಿನ ಪತ್ತೆಕಾರಕ್ಕೆ ಜಗದೀಶ ಚಂದ್ರ ಬೋಸ್ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು. ಇಂದಿನ ಅರೆವಾಹಕ ಡಯೋಡ್ ಇದೇ ಗುಣವುಳ್ಳದ್ದು. ಅದಕ್ಕೆ ಒಂದೇ ನಿಶ್ಚಿತ ರೋಧವಿಲ್ಲ.

ಆದರೂ ಡಯೋಡ್ ಇರುವ ಮಂಡಲದಲ್ಲಿ ಅಜ್ಞಾತ ರೋಧವನ್ನು ಕಂಡುಹಿಡಿಯಲು ಓಮ್‌ನ ನಿಯಮವೇ ಆಧಾರ. ಉದಾಹರಣೆಗೆ, 9 ವೋಲ್ಟ್ ಮೂಲಕ್ಕೆ ಎರಡು ಸಿಲಿಕಾನ್ ಡಯೋಡ್‌ಗಳನ್ನೂ ಒಂದು ರೋಧಕವನ್ನೂ ಸರಣಿಯಲ್ಲಿ ಜೋಡಿಸಿದೆ. ಪ್ರವಾಹ 20 ಮಿಲಿಆಂಪಿಯರ್ ಎಂದಿರಲಿ. ಮುನ್ನಡೆ ದಿಕ್ಕಿನಲ್ಲಿ ಪ್ರತಿ ಡಯೋಡ್‌ನಲ್ಲಿ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಮಂಡಲದ ವಿಭವಗಳ ಕುರಿತು ಕಿರ್ಕಾಫ್ 1845ರಲ್ಲಿ ನೀಡಿದ ನಿಯಮದಂತೆ ರೋಧಕಕ್ಕೆ ಉಳಿಯುವುದು 9 − 1.4 = 7.6 ವೋಲ್ಟ್. ಇದನ್ನು 0.02 ಆಂಪಿಯರ್‌ನಿಂದ ಭಾಗಿಸಿದರೆ ರೋಧ 380 ಓಮ್. ಡಯೋಡ್‌ಗಳನ್ನು ಗಣಿಸದೆ 9 ವೋಲ್ಟನ್ನೇ ಭಾಗಿಸಿದರೆ 450 ಓಮ್ ಎಂಬ ತಪ್ಪು ಉತ್ತರ ಬರುತ್ತದೆ. ಡಯೋಡ್ ಹಿಮ್ಮುಖವಾಗಿದ್ದರೆ ಪ್ರವಾಹ ಬಹುತೇಕ ಶೂನ್ಯವಾಗುವುದರಿಂದ ಈ ಲೆಕ್ಕ ಅನ್ವಯಿಸುವುದಿಲ್ಲ.

ಸ್ಮರಣೆ

1881ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು. ಗ್ರೀಕ್ ಅಕ್ಷರ ಒಮೇಗಾ ಇದರ ಸಂಕೇತ. ಒಂದು ವೋಲ್ಟ್ ವಿಭವಾಂತರದಲ್ಲಿ ಒಂದು ಆಂಪಿಯರ್ ಪ್ರವಾಹ ಹರಿದರೆ ಆ ವಾಹಕದ ರೋಧ ಒಂದು ಓಮ್.