ಕ್ರಾಯ್ಡನ್‌ನಿಂದ ಡಾರ್ವಿನ್‌ಗೆ: ವೈಮಾನಿಕೆ ಏಮಿ ಜಾನ್ಸನ್

ಲಂಡನ್ನಿನಿಂದ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ನಡುವೆ ಎಲ್ಲಿಯೂ ಇಳಿಯದೆ ಹಾರುವ ವಿಮಾನಸಂಚಾರವು 2018ರ ಮಾರ್ಚಿಯಲ್ಲಿ ಆರಂಭವಾಯಿತು. ದೂರ ಸುಮಾರು 14,500 ಕಿಲೋಮೀಟರು. ಕಾಲ ಸುಮಾರು ಹದಿನೇಳು ಗಂಟೆ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ದೊರೆಯುತ್ತದೆಂದು ನಾವು ಶಾಲೆಯಲ್ಲಿ ಕಲಿತ ಲೆಕ್ಕ ಇಲ್ಲಿ ಸರಿಹೋಗುತ್ತದೆ. 1930ರಲ್ಲಿ ಅದು ಹೋಗುತ್ತಿರಲಿಲ್ಲ. ಏಕೆಂಬುದನ್ನು ಏಮಿ ಜಾನ್ಸನ್ ಎಂಬ ತರುಣಿಯ ಜೀವನದಿಂದ ತಿಳಿಯಬಹುದು.

ಈಕೆ ಇಂಗ್ಲೆಂಡಿನ ಹಲ್ ಎಂಬ ಬಂದರಿನಲ್ಲಿ 1903ರ ಜುಲೈ 1ರಂದು ಜನಿಸಿದಳು. ಮನೆತನದ್ದು ಮೀನಿನ ವ್ಯಾಪಾರ. ಷೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಪದವಿ ಪಡೆದು, ಲಂಡನ್ನಿನ ವಕೀಲರ ಕಛೇರಿಯೊಂದರಲ್ಲಿ ಬೆರಳಚ್ಚಿನ ಕೆಲಸಕ್ಕೆ ಸೇರಿದಳು. (ಅರ್ಥಶಾಸ್ತ್ರದ ಮಿತ್ರರು ಮನ್ನಿಸಬೇಕು!) ಬಿಡುವಿನಲ್ಲಿ ಹಾರುವುದನ್ನು ಕಲಿತಳು, ಅಷ್ಟಕ್ಕೇ ತೃಪ್ತಳಾಗದೆ ಯಂತ್ರಗಳ ಕೊಟ್ಟಿಗೆಯಲ್ಲಿ ಮೈಕೈಗೆ ಎಣ್ಣೆ ಬಳಿದುಕೊಂಡು ದುಡಿದು, 1929ರಲ್ಲಿ ವಿಮಾನ ದುರಸ್ತಿಯ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆಯಾದಳು. ನನ್ನ ದೃಷ್ಟಿಯಲ್ಲಿ ಆಕೆಯ ಹಾರಾಟಕ್ಕಿಂತ ದೊಡ್ಡದು ಇದೇ.

ತಂದೆಯೂ ಎಣ್ಣೆಯ ವ್ಯಾಪಾರಿ ಲಾರ್ಡ್ ವೇಕ್‌ಫೀಲ್ಡನೂ ಕೊಟ್ಟ ಹಣದಿಂದ ಹಳೆಯದೊಂದು ಜಿಪ್ಸಿ ಮಾತ್ ವಿಮಾನವನ್ನು ಕೊಂಡು 'ಜೇಸನ್' ಎಂದು ಹೆಸರಿಟ್ಟಳು. ಅಲ್ಲಿಯವರೆಗೆ ಆಕೆ ಒಬ್ಬಳೇ ಹಾರಿದ್ದ ಅತಿ ದೂರದ ದಾರಿ ಲಂಡನ್ನಿನಿಂದ ಹಲ್‌ಗೆ! 1930ರ ಮೇ 5ರಂದು ಕ್ರಾಯ್ಡನ್ ನಿಲ್ದಾಣದಿಂದ ಆಸ್ಟ್ರೇಲಿಯಕ್ಕೆ ಹೊರಟೇಬಿಟ್ಟಳು.

ದಾರಿ ಸುಮಾರು 11,000 ಮೈಲಿ. ವಿಮಾನದ ವೇಗ ಗಂಟೆಗೆ ಎಂಬತ್ತು ಮೈಲಿಯ ಆಸುಪಾಸು. ನಾನು ಭಾಗಿಸಿ ನೋಡಿದೆ: ನೂರ ಮೂವತ್ತೇಳು ಗಂಟೆ, ಅಂದರೆ ಆರು ದಿನಕ್ಕೂ ಕಡಮೆ. ಆದರೆ ಆಕೆ ಡಾರ್ವಿನ್ ತಲುಪಲು ಹತ್ತೊಂಬತ್ತೂವರೆ ದಿನ ಬೇಕಾಯಿತು. ಉಳಿದ ಕಾಲವೆಲ್ಲ ನೆಲದ ಪಾಲು. ದಿನವಿಡೀ ಹಾರಿ, ಇಳಿದ ಮೇಲೆ ಎಂಜಿನನ್ನು ತಾನೇ ಶುಚಿಮಾಡಿ, ಎಣ್ಣೆ ತುಂಬಿ, ಎರಡು ಮೂರು ಗಂಟೆ ಮಲಗಿ ಮತ್ತೆ ಏಳಬೇಕು.

ಹೀಗಿದ್ದೂ ಆರನೆಯ ದಿನವೇ ಕರಾಚಿ ಮುಟ್ಟಿದಳು. 1928ರಲ್ಲಿ ಇದೇ ಯಾನವನ್ನು ಹದಿನೈದೂವರೆ ದಿನದಲ್ಲಿ ಪೂರೈಸಿದ್ದ ಬರ್ಟ್ ಹಿಂಕ್ಲರನಿಗಿಂತ ಅಲ್ಲಿಗೆ ಎರಡು ದಿನ ಮುಂದಿದ್ದಳು. ದಾಖಲೆ ಕೈಗೆಟುಕುವಂತಿತ್ತು. ಆದರೆ ಅಲಹಾಬಾದಿಗೆ ಸಾಗುವಾಗ ಪೆಟ್ರೋಲು ಮುಗಿಯುತ್ತ ಬಂದು, ಝಾನ್ಸಿಯ ಸೈನಿಕರ ಕವಾಯತು ಮೈದಾನದಲ್ಲಿ ಇಳಿದು ರೆಕ್ಕೆ ಮುರಿಯಿತು. ಅದನ್ನು ಸರಿಪಡಿಸಿಕೊಂಡು ಕಲ್ಕತ್ತ ದಾಟಿ ಬರ್ಮಾ ಸೇರಿದರೆ ಅಲ್ಲಿ ಮಳೆ! ರಂಗೂನಿನ ಕುದುರೆ ಪಂದ್ಯದ ಮೈದಾನವೆಂದು ಭ್ರಮಿಸಿ, ಇನ್ಸೀನಿನ ಸರ್ಕಾರಿ ತಾಂತ್ರಿಕ ಸಂಸ್ಥೆಯ ಆಟದ ಬಯಲಿನಲ್ಲಿ ಇಳಿದಳು. ವಿಮಾನ ಹಳ್ಳಕ್ಕೆ ಮೂತಿಯಿಟ್ಟಿತು. ಆ ಸಂಸ್ಥೆಯ ಅಧ್ಯಾಪಕರೂ ವಿದ್ಯಾರ್ಥಿಗಳೂ ದುರಸ್ತಿಗೆ ನಿಂತರು. ಮೊದಲ ಮಹಾಯುದ್ಧದ ಕಾಲದ ವಿಮಾನದ ಬಟ್ಟೆಯಿಂದ ಹೊಲಿದಿದ್ದ ಅಂಗಿಗಳನ್ನು ಹುಡುಕಿ ತಂದು, ಹರಿದ ರೆಕ್ಕೆಗೆ ತೇಪೆ ಹಾಕಿದರಂತೆ. ಬೇರೆ ಚಾಲಕಶಂಕುವನ್ನು ಅಳವಡಿಸಿಕೊಂಡು ಮೂರನೆಯ ದಿನ ಏಮಿ ಹೊರಟಾಗ ಹಿಂಕ್ಲರನ ದಾಖಲೆ ಕೈತಪ್ಪಿದಂತೆಯೇ ಆಗಿತ್ತು.

ಮೇ 24ರಂದು ಡಾರ್ವಿನ್‌ನಲ್ಲಿ ಇಳಿದಳು. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆಯನ್ನು ಜನ ಮುತ್ತಿಕೊಂಡರು; ದಾಖಲೆ ತಪ್ಪಿತೆಂದು ಯಾರೂ ಕೊರಗಿದಂತಿಲ್ಲ. 1932ರಲ್ಲಿ ಕೇಪ್‌ಟೌನಿಗೆ ನಾಲ್ಕು ದಿನ ಏಳು ಗಂಟೆಯೊಳಗೆ ಹಾರಿ ಬೇರೊಂದು ದಾಖಲೆಯನ್ನೂ ಸ್ಥಾಪಿಸಿದಳು.

ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ತಲುಪಿಸುವುದು ಆಕೆಯ ಕೆಲಸವಾಗಿತ್ತು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲಿನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್‌ಟನ್ನಿಗೆ ಹೊರಟಳು. ಒಂದು ಗಂಟೆಯ ಹಾದಿ. ಹವೆ ಕೆಟ್ಟಿತ್ತು. ಮೂರು ಗಂಟೆಗೂ ಮೀರಿದ ಮೇಲೆ ಆಕೆ ದಾರಿಯಿಂದ ಬಹುದೂರದಲ್ಲಿ, ಥೇಮ್ಸ್ ನದೀಮುಖದ ತಣ್ಣೀರಿಗೆ ಇಳಿದುದನ್ನು ಹಡಗಿನವರು ಕಂಡರು. ಉಳಿಸಲು ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರನೂ ಪ್ರಾಣ ಕಳೆದುಕೊಂಡನು. ಏಮಿಯ ದೇಹ ದೊರೆಯಲಿಲ್ಲ.