ಉಮಾಬಾಯಿ ಕುಂದಾಪುರ

ಮಗುವು ಮಾತನ್ನು ತಾಯಿಯ ಮಡಿಲಲ್ಲಿ ಕಲಿಯುತ್ತದೆ. ನಾಲ್ವರೊಡನೆ ಹೊಂದಿ ಬಾಳುವುದನ್ನು ಮನೆಯಾಚೆ, ಓರಗೆಯ ಮಕ್ಕಳ ನಡುವೆ ಕಲಿಯಬೇಕು. ಅಂಥ ಕಲಿಕೆಗೆ ಎಡೆಮಾಡಿಕೊಟ್ಟವರಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರೂ ಒಬ್ಬರು.

1892ರಲ್ಲಿ ಮಂಗಳೂರಿನಲ್ಲಿ ಜನಿಸಿದ ಉಮಾಬಾಯಿಯವರ ತವರಿನ ಹೆಸರು ಭವಾನಿ. ಎಳವೆಯಲ್ಲಿಯೇ ಸಂಜೀವರಾಯರೊಡನೆ ವಿವಾಹವಾಯಿತು. ಮಾವ ಆನಂದರಾಯರು ಸುಧಾರಣಾಪ್ರಿಯರು, ಸೊಸೆಯನ್ನು ಓದಿಸಿದರು. ಪತಿಯು ಕ್ಷಯರೋಗದಿಂದ ಅಕಾಲ ಮರಣಕ್ಕೀಡಾದಾಗ ಉಮಾಬಾಯಿ ಇನ್ನೂ ತರುಣಿ. ಅಂದಿನ ವಿಧವೆಗೆ ಮನೆಯ ಮೂಲೆಯೇ ಜಗತ್ತು. ಆದರೆ ಆನಂದರಾಯರು ಸೊಸೆಯೊಡನೆ ಹುಬ್ಬಳ್ಳಿಗೆ ಬಂದು ಮುದ್ರಣಾಲಯವನ್ನು ತೆರೆದರು. ಅದೇ ಆವರಣದಲ್ಲಿ ಹೆಣ್ಣುಮಕ್ಕಳಿಗಾಗಿ ತಿಲಕ ಕನ್ಯಾಶಾಲೆ ಆರಂಭವಾಯಿತು. ಅದರ ಹೊಣೆ ಉಮಾಬಾಯಿಯವರದಾಯಿತು.

ಡಾ. ನಾ. ಸು. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳದಲ್ಲಿ ಅವರು ಮಹಿಳಾ ವಿಭಾಗದ ನಾಯಕಿಯಾದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಮನೆಮನೆಗೂ ಹೋಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. ಹಿರಿಯರೇ ಹೊಸ್ತಿಲು ದಾಟದಿದ್ದರೆ ಮಕ್ಕಳು ಜನರೊಡನೆ ಬೆರೆಯುವುದನ್ನು ಯಾರನ್ನು ನೋಡಿ ಕಲಿತಾರು?

1932ರಲ್ಲಿ ಸರಕಾರವು ಉಮಾಬಾಯಿಯವರನ್ನು ಬಂಧಿಸಿ ಯೆರವಡಾ ಸೆರೆಮನೆಗೆ ಕಳುಹಿಸಿತು. ಅವರು ಸೆರೆಯಲ್ಲಿದ್ದಾಗಲೇ ಆನಂದರಾಯರು ತೀರಿಕೊಂಡರು. ಬಿಡುಗಡೆ ಹೊಂದಿ ಬಂದು ನೋಡಿದರೆ ಮುದ್ರಣಾಲಯ ಜಪ್ತಿಯಾಗಿತ್ತು, ಶಾಲೆಗೆ ಮೊಹರು ಬಿದ್ದಿತ್ತು. ಆಸರೆಯೂ ಇಲ್ಲ, ಮಕ್ಕಳೂ ಇಲ್ಲ. ಆದರೂ ಅವರು ಕೈಕಟ್ಟಿ ಕೂಡಲಿಲ್ಲ. 1934ರಲ್ಲಿ ಬಿಹಾರದ ಭೂಕಂಪಪೀಡಿತರ ಸೇವೆಗೆ ತೆರಳಿದರು.

ಕಸ್ತೂರಬಾ ಅವರು 1944ರಲ್ಲಿ ನಿಧನರಾದ ಮೇಲೆ, ಹಳ್ಳಿಯ ಸ್ತ್ರೀಯರ ಮತ್ತು ಮಕ್ಕಳ ಹಿತಕ್ಕಾಗಿ ಅವರ ಹೆಸರಿನಲ್ಲಿ ನಿಧಿಯೊಂದು ಕೂಡಿತು. 1946ರಲ್ಲಿ ಗಾಂಧೀಜಿಯವರು ಅದರ ಕರ್ನಾಟಕ ಶಾಖೆಯನ್ನು ಉಮಾಬಾಯಿಯವರಿಗೆ ವಹಿಸಿದರು. ಹಣಕ್ಕೆ ಕೊರತೆಯಿದ್ದಾಗ ಅವರು ಜನರ ಮುಂದೆ ಜೋಳಿಗೆಯೊಡ್ಡಿದರು. ಹಳ್ಳಿಯ ತರುಣಿಯರನ್ನು ಆರಿಸಿ, ಆರೋಗ್ಯ, ಅಕ್ಷರ, ಶಿಶುಪಾಲನೆಗಳಲ್ಲಿ ತರಬೇತಿ ಕೊಡಿಸಿ ಗ್ರಾಮಸೇವಿಕೆಯರನ್ನಾಗಿ ಮಾಡಿದರು.

ಈ ನಿಧಿಯ ಕಾರ್ಯಗಳಲ್ಲಿ ಬಾಲವಾಡಿಯೂ ಒಂದು. ಹೊರನೋಟಕ್ಕೆ ಅದು ಹಾಡು, ಆಟಗಳ ತಾಣ. ಆದರೆ ವರ್ತುಲವಾಗಿ ನಿಂತು ಆಡುವ ಮಗುವು ಪಕ್ಕದವರ ಕೈಹಿಡಿಯಲೇಬೇಕು; ಆ ಕೈ ಯಾವ ಕೇರಿಯದೆಂದು ಅದು ಕೇಳುವುದಿಲ್ಲ. ಆಟಿಕೆ ಒಂದೇ ಇದ್ದಾಗ ತನ್ನ ಸರದಿಗೆ ಕಾಯುತ್ತದೆ. ಬಿದ್ದವನನ್ನು ಎಬ್ಬಿಸುತ್ತದೆ, ಜಗಳವಾಡಿ, ಮರುಗಳಿಗೆಯಲ್ಲಿ ರಾಜಿಯಾಗುತ್ತದೆ. ಗದರಿಸದೆ ಇದನ್ನೆಲ್ಲ ರೂಢಿ ಮಾಡಿಸುವುದು ಸುಲಭವಲ್ಲ. ಅದಕ್ಕೆಂದೇ ತರಬೇತಿ ಬೇಕು.

ಸ್ವಾತಂತ್ರ್ಯಾನಂತರ ಬಂದ ಪದವಿ ಪುರಸ್ಕಾರಗಳನ್ನು ಉಮಾಬಾಯಿ ಸ್ವೀಕರಿಸಲಿಲ್ಲ. ಹುಬ್ಬಳ್ಳಿಯಲ್ಲಿ ಮಾವನ ನೆನಪಿಗೆ ‘ಆನಂದ ಸ್ಮೃತಿ’ ಎಂದು ಹೆಸರಿಟ್ಟ ಪುಟ್ಟ ಮನೆಯಲ್ಲಿ ವಾಸವಾಗಿದ್ದು, 1992ರಲ್ಲಿ ತಮ್ಮ ನೂರನೆಯ ವಯಸ್ಸಿನ ಸುಮಾರಿಗೆ ನಿಧನರಾದರು.