ಮೂರೆಳೆಯ ಹುರಿ ಬಿಡಿಸಿದ ರಾಮಚಂದ್ರನ್

ಚರ್ಮ, ಮೂಳೆ, ಮೃದ್ವಸ್ಥಿಗಳಿಗೆ ಬಲ ನೀಡುವ ಪ್ರೋಟೀನು ಕೊಲಾಜೆನ್. ಅದರ ಒಳರಚನೆಯನ್ನು ಲೋಕಕ್ಕೆ ತಿಳಿಸಿದ ಹಿರಿಮೆ ಜಿ.ಎನ್. ರಾಮಚಂದ್ರನ್ ಅವರದು.

1922ರ ಅಕ್ಟೋಬರ್ 8ರಂದು ಎರ್ನಾಕುಲಂನಲ್ಲಿ ಜನಿಸಿದ ಅವರು 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಯಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಅವರ ಪ್ರತಿಭೆಯನ್ನು ಗುರುತಿಸಿ ಭೌತವಿಜ್ಞಾನದತ್ತ ಸೆಳೆದವರು ಸರ್ ಸಿ.ವಿ. ರಾಮನ್. ಕೇಂಬ್ರಿಜ್‌ನಲ್ಲಿ ಎರಡು ವರ್ಷ ಸಂಶೋಧನೆ ನಡೆಸಿ 1949ರಲ್ಲಿ ಬೆಂಗಳೂರಿಗೆ ಮರಳಿದರು. 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಮದ್ರಾಸ್ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು.

ಮದ್ರಾಸಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ.ಡಿ. ಬರ್ನಾಲ್ ಅವರಿಂದ, ಕೊಲಾಜೆನ್ ರಚನೆ ಇನ್ನೂ ಬಗೆಹರಿದಿಲ್ಲವೆಂದು ತಿಳಿಯಿತು. ನೆರೆಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯ ನೆರವಿನಿಂದ ಮಾದರಿಗಳು ದೊರೆತವು. ಗೋಪಿನಾಥ್ ಕರ್ತಾ ಅವರೊಡನೆ ಕ್ಷಕಿರಣ ಚಿತ್ರಗಳನ್ನು ವಿಶ್ಲೇಷಿಸಿದ ರಾಮಚಂದ್ರನ್, 1954 ಮತ್ತು 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ತಮ್ಮ ಮಾದರಿಯನ್ನು ಮಂಡಿಸಿದರು: ಕೊಲಾಜೆನ್ ಮೂರು ಎಳೆಗಳ ಹುರಿ. ಪ್ರತಿ ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸಿನ್ ಇರುವುದರಿಂದಲೇ ಹುರಿ ಬಿಗಿಯಾಗುತ್ತದೆ.

ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಆಕ್ಷೇಪ ಎತ್ತಿದರು. ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಸಮೀಪ ಬಂದಿವೆ ಎಂಬುದು ಅವರ ವಾದ. ಜಲಜನಕ ಬಂಧಗಳ ಸಂಖ್ಯೆಯ ವಿಷಯದಲ್ಲಿ ಅವರ ತಿದ್ದುಪಡಿಯೇ ಮುಂದೆ ನಿಂತಿತು. ಮೂರೆಳೆಯ ಹುರಿಯ ಮೂಲ ಕಲ್ಪನೆ ಮಾತ್ರ ಅಚಲವಾಗಿ ಉಳಿಯಿತು. ಟೀಕೆಗೆ ರಾಮಚಂದ್ರನ್ ಸಂಶೋಧನೆಯಿಂದಲೇ ಉತ್ತರಿಸಿದರು. ಪರಮಾಣುಗಳು ಎಷ್ಟು ಸಮೀಪಿಸಬಲ್ಲವು ಎಂಬ ಹುಡುಕಾಟವು 1963ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ ಪ್ರಕಟಿಸಿದ 'ರಾಮಚಂದ್ರನ್ ನಕ್ಷೆ'ಯಾಗಿ ಫಲಿಸಿತು. ಪ್ರೋಟೀನು ರಚನೆಗಳ ಸಾಚಾತನ ಪರೀಕ್ಷಿಸಲು ವಿಜ್ಞಾನಿಗಳು ಇಂದಿಗೂ ಅದನ್ನೇ ಆಶ್ರಯಿಸುತ್ತಾರೆ.

ಹುರಿ ಕಟ್ಟುವ ಬಗೆ ತಿಳಿದ ಮೇಲೆ ಅದು ಕಳಚುವ ಬಗೆಯೂ ಪ್ರಶ್ನೆಯಾಯಿತು. 1962ರಲ್ಲಿ ಅಮೆರಿಕದಲ್ಲಿ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲ್ಯಾಪಿಯೆರ್, ಕರಗುವ ಗೊದಮೊಟ್ಟೆಯ ಬಾಲದಲ್ಲಿ ಕೊಲಾಜಿನೇಸ್ ಕಿಣ್ವವನ್ನು ಪತ್ತೆಹಚ್ಚಿದರು. ಅದು ಹುರಿಯನ್ನು ಒಂದೇ ನಿರ್ದಿಷ್ಟ ತಾಣದಲ್ಲಿ ಕತ್ತರಿಸಿ, ಮುಕ್ಕಾಲು ಮತ್ತು ಕಾಲು ಭಾಗದ ತುಂಡುಗಳಾಗಿಸುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ತುಂಡುಗಳು ಗೋಚರಿಸಿದವು. ಕಿಣ್ವದ ಸೀಳಿನಲ್ಲಿ ಇಡೀ ಹುರಿ ಹಿಡಿಸದು. ಮೊದಲು ಎಳೆಗಳು ಅಲ್ಲಿ ಸಡಿಲಗೊಳ್ಳಬೇಕು. ಪರಮಾಣು ಬಲ ಸೂಕ್ಷ್ಮದರ್ಶಕ ಹಿಡಿದ ಇಂದಿನ ಸಂಶೋಧಕರಿಗೂ ರಾಮಚಂದ್ರನ್ ತೋರಿದ ಹುರಿಯೇ ಆಧಾರ. ಸಂಧಿವಾತದಲ್ಲಿ ಮೃದ್ವಸ್ಥಿ ಸವೆಯುವುದೂ ಕ್ಯಾನ್ಸರ್ ಹರಡುವುದೂ ಇಂಥ ಕಿಣ್ವಗಳೊಂದಿಗೆ ನಂಟುಳ್ಳವು.

ಬೆಂಗಳೂರಿಗೆ ಹಿಂದಿರುಗಿದ ರಾಮಚಂದ್ರನ್ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೈವಿಕಭೌತವಿಜ್ಞಾನ ಘಟಕವನ್ನು ಕಟ್ಟಿ ಬೆಳೆಸಿದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ನೊಬೆಲ್ ಮಾತ್ರ ಒಲಿಯಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಅವರು ನಿಧನರಾದರು.